ಬಿಸಿ ತಿಳಿಯದ ಕಾಲು

ಮೊದಲು ಕಿರುಚಿದವಳು ನನ್ನ ಹೆಂಡತಿಯಲ್ಲ. ಅವಳ ಅಕ್ಕ.

ಹೋದ ವರ್ಷದ ಮಾರ್ಗಳಿ, ಅಂದರೆ ಧನುರ್ಮಾಸ. ಸೇಲಂನಲ್ಲಿ ಚಳಿ ಎಂದರೆ ಹೊರಗಿನವರು ನಗುತ್ತಾರೆ. ಅವರು ಏರ್ಕಾಡು ಬೆಟ್ಟದ ಗಾಳಿ ಇಳಿಯುವ ಬೆಳಗ್ಗೆ ಒಮ್ಮೆ ಕುಣಿಮಗ್ಗದಲ್ಲಿ ಕಾಲಿಟ್ಟು ನೋಡಬೇಕು. ನೆಲದಲ್ಲಿ ತೋಡಿದ ಗುಂಡಿ ಅದು. ಅಂಚಿನಲ್ಲಿ ಕೂತು, ಕಾಲು ಒಳಗೆ ಇಳಿಬಿಟ್ಟು, ಹಲಗೆ ತುಳಿಯುತ್ತಾ ನೇಯುತ್ತೇವೆ. ಮೈಗೆ ಸ್ವೆಟರ್ ಹಾಕಬಹುದು, ಕಿವಿಗೆ ಟವಲು ಸುತ್ತಬಹುದು, ಕಾಲು ಮಾತ್ರ ಬರಿಗಾಲೇ. ಮಗ್ಗಕ್ಕೆ ಚಪ್ಪಲಿ ಹಾಕಿ ಇಳಿಯುವವರು ನಮ್ಮಲ್ಲಿಲ್ಲ. ಯಾವ ಹಲಗೆ ಎಷ್ಟು ಇಳಿಯಿತು ಅನ್ನುವುದು ಅಂಗಾಲಿಗೇ ಗೊತ್ತಾಗಬೇಕು.

ನಮ್ಮ ಮನೆಯಲ್ಲಿ ಎರಡು ಮಗ್ಗ. ಒಂದು ನನ್ನದು, ಒಂದು ಸರೋಜಳದು. ಅವಳಿಗೆ ಶುಗರ್ ಬಂದು ಬಹಳ ಕಾಲವಾಗಿತ್ತು. ಮಾತ್ರೆ ನುಂಗುತ್ತಿದ್ದಳು, ನೆನಪಾದಾಗ. ಪ್ರತಿ ಚಳಿಗಾಲಕ್ಕೂ ಹಿಮ್ಮಡಿ ಒಡೆಯುತ್ತಿತ್ತು, ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು, ಬೇಸಿಗೆಗೆ ತಾನೇ ಕೂಡಿಕೊಳ್ಳುತ್ತಿತ್ತು. ಆ ವರ್ಷ ಮಾತ್ರ ಬೇರೆ ಒಂದು ಮಾತು ಹೇಳತೊಡಗಿದ್ದಳು. "ಕಾಲು ಐಸ್ ಇಟ್ಟಂಗೈತ್ರೀ. ಎಷ್ಟ್ ಕಂಬ್ಳಿ ಒದ್ಕೊಂಡ್ರೂ ಓಗ್ತಿಲ್ಲ."

ಪಾಲಕೋಡ್ ಹತ್ತಿರದ ಹಳ್ಳಿಯಿಂದ ಅವಳ ಅಕ್ಕ ಗೌರಕ್ಕ ಬಂದಿದ್ದಳು. ಟೊಮ್ಯಾಟೊ, ಅವರೆಕಾಯಿ, ಒಂದು ಕುಂಬಳಕಾಯಿ, ಬಸ್ಸಿನಲ್ಲಿ ಹೊರಲಾಗದಷ್ಟು ಹೊತ್ತು ತಂದಿದ್ದಳು. ತಂಗಿಯ ಕಾಲು ಮುಟ್ಟಿ ನೋಡಿ, "ಎಲ್ಲೇ ತಣ್ಣಗೈತೆ? ಬೆಚ್ಚಗೇ ಐತಲ್ಲ," ಅಂದಳು.

"ನಿಂಗೆ ಅಂಗ್ ಕಾಣ್ತದೆ. ಒಳಗ್ ತಣ್ಣಗೈತೆ."

ಸರಿ, ಹಾಗಾದರೆ ಉಪ್ಪು ಹಾಕಿದ ಬಿಸಿನೀರು. ಹಳ್ಳಿಯಲ್ಲಿ ಎಲ್ಲರೂ ಮಾಡುವುದೇ. ಗೌರಕ್ಕ ಪ್ಲಾಸ್ಟಿಕ್ ಟಬ್ಬಿಗೆ ನೀರು ಬೆರೆಸಿಟ್ಟಳು. ಸರೋಜ ಕುರ್ಚಿಯಲ್ಲಿ ಕೂತು ಕಾಲಿಟ್ಟಳು. ನಾನು ಮಗ್ಗದಲ್ಲಿದ್ದೆ. ಅಕ್ಕತಂಗಿಯರ ಮಾತು ಕೇಳಿಸುತ್ತಿತ್ತು. ಯಾರದೋ ಮದುವೆ, ಯಾರದೋ ಜಗಳ. ನಡುವೆ ಸರೋಜ, "ಇನ್ನೂ ವಸಿ ಬಿಸಿ ಸುರಿಯಕ್ಕಾ, ತಣ್ಣಗಾಯ್ತು," ಅನ್ನುವುದು. ಅವಳು ಒಲೆ ಮೇಲಿನ ಪಾತ್ರೆಯಿಂದ ಸುರಿಯುವುದು. ಮತ್ತೆ ಮಾತು. ಮತ್ತೆ, "ಇನ್ನೊಂದ್ ಚೂರು."

ಆಮೇಲೆ ಹಿಮ್ಮಡಿ ಉಜ್ಜಿಕೊಡೋಣವೆಂದು ಗೌರಕ್ಕ ಬಗ್ಗಿ ನೀರಿಗೆ ಕೈ ಹಾಕಿದಳು.

ಕಿರುಚಿಕೊಂಡು ಕೈ ಕಿತ್ತಳು.

ಸರೋಜ ಅವಳನ್ನೇ ನೋಡಿದಳು. "ಏನಕ್ಕಾ? ಏನಾಯ್ತು?"

ಅವಳ ಎರಡು ಕಾಲೂ ಇನ್ನೂ ನೀರಲ್ಲೇ ಇದ್ದವು.

ನಾನು ಎದ್ದು ಓಡಿ ಬಂದು ಟಬ್ಬನ್ನು ಒದ್ದು ಮಗುಚಿದೆ. ನೀರು ನನ್ನ ಪಾದಕ್ಕೆ ತಾಗಿದ್ದೇ ಹಾರಿಬಿದ್ದೆ. ಅಷ್ಟು ಬಿಸಿ. ಸರೋಜಳ ಕಾಲು ಕಣಕಾಲಿನ ಕೆಳಗೆ ಕೆಂಪು ಸಾಕ್ಸ್ ಹಾಕಿದ ಹಾಗಿತ್ತು. ಅವಳು ಅದನ್ನು ಬೇರೆ ಯಾರದೋ ಕಾಲು ಅನ್ನುವಂತೆ ನೋಡುತ್ತಿದ್ದಳು. "ನೋಯ್ತಿಲ್ವಲ್ಲ," ಅಂದಳು. "ಏನೂ ನೋಯ್ತಿಲ್ಲ. ಬಿಡಿ."

ಆ ನೋಯದಿರುವುದೇ ನಮಗೆ ಮೋಸ ಮಾಡಿತು. ನೋವಿದ್ದಿದ್ದರೆ ಅವತ್ತೇ ಆಸ್ಪತ್ರೆಗೆ ಓಡುತ್ತಿದ್ದೆವು.

ಸಂಜೆಯ ಹೊತ್ತಿಗೆ ಗುಳ್ಳೆ ಎದ್ದವು. ಬಲಗಾಲಲ್ಲಿ ಕಡಿಮೆ, ಎಡಗಾಲಲ್ಲಿ ದೊಡ್ಡವು. ನಡಿ ಡಾಕ್ಟರ ಹತ್ತಿರ ಅಂದೆ. ಬರಲ್ಲ ಅಂದಳು. ಗದರಿದೆ. ಅತ್ತಳು. ಅವಳ ದೊಡ್ಡಣ್ಣನ ಕಥೆ ನನಗೆ ಗೊತ್ತಿತ್ತು. ಅವರಿಗೂ ಶುಗರ್ ಇತ್ತು, ಕಾಲಲ್ಲಿ ಗಾಯವಾಗಿತ್ತು. ಆಸ್ಪತ್ರೆಯಲ್ಲಿ ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮಂಡಿಯವರೆಗೆ. ಮನೆಗೆ ಬಂದವರು ಮಳೆಗಾಲ ನೋಡಲಿಲ್ಲ. "ಒಂದ್ಸಲ ಕತ್ತರಿ ಇಟ್ರೆ ಅವ್ರು ನಿಲ್ಸೋದಿಲ್ಲ ಕಣ್ರೀ," ಅನ್ನುತ್ತಿದ್ದಳು ಸರೋಜ. "ಔಷಧಿ ತಂದ್ಕೊಡಿ, ವಾಸಿಯಾಗ್ತದೆ."

ಔಷಧಿ ಅಂಗಡಿಯಿಂದ ಸುಟ್ಟ ಗಾಯದ ಮುಲಾಮು ತಂದುಕೊಟ್ಟೆ. ಅವಳೇ ಹಚ್ಚಿಕೊಂಡಳು. ನನಗೆ ಕಾಲು ಮುಟ್ಟಲು ಬಿಡಲಿಲ್ಲ. ಗಂಡ ಹೆಂಡತಿಯ ಕಾಲು ಮುಟ್ಟುವುದೇ? ಬಟ್ಟೆ ಸುತ್ತಿಕೊಂಡು, ಸೀರೆಯ ನೆರಿಗೆ ಇಳಿಬಿಟ್ಟುಕೊಂಡು ಓಡಾಡುತ್ತಿದ್ದಳು. ನೋವಿಲ್ಲದವಳಿಗೆ ಓಡಾಟಕ್ಕೇನು ಅಡ್ಡಿ? ಬೆಳಗ್ಗೆ ಮಂಜಿನಲ್ಲಿ ಬಾಗಿಲಿಗೆ ರಂಗೋಲಿ ಹಾಕಿದಳು. ಮಾರ್ಗಳಿಯಲ್ಲಿ ಬಾಗಿಲು ಬರಿದಾಗಿ ಬಿಡುವುದುಂಟೆ? ಮಗ್ಗಕ್ಕೂ ಇಳಿದಳು. ಗೌರಕ್ಕ ಊರಿಗೆ ಹೋಗಲು ಮನಸ್ಸಾಗದೆ ಉಳಿದುಕೊಂಡಿದ್ದಳು. ತಂಗಿಯ ಕಾಲಿನ ಕಡೆ ನೋಡಿದಾಗೆಲ್ಲ ಅವಳ ಮುಖ ಬಾಡುತ್ತಿತ್ತು.

ಕೆಲವು ದಿನ ಹೀಗೆ ಹೋದವು. ಒಂದು ಮಧ್ಯಾಹ್ನ ನಾನು ನೇಯುತ್ತಿದ್ದಾಗ ಏನೋ ವಾಸನೆ ಬಂತು. ಇಲಿ ಸತ್ತಿದೆಯೆಂದುಕೊಂಡೆ. ನನ್ನ ಮಗ್ಗದ ಗುಂಡಿಯಲ್ಲಿ ನೋಡಿದೆ, ಅಟ್ಟದ ಮೇಲೆ ನೋಡಿದೆ, ಪೆಟ್ಟಿಗೆಗಳ ಹಿಂದೆ ನೋಡಿದೆ. ಕೊನೆಗೆ ಸರೋಜ ಕೂತಿದ್ದ ಮಗ್ಗದ ಹತ್ತಿರ ಬಗ್ಗಿದೆ.

ವಾಸನೆ ಅವಳ ಕಾಲಿಂದ ಬರುತ್ತಿತ್ತು.

ಕಾಲಿಗೆ ಸುತ್ತಿದ್ದ ಬಟ್ಟೆಗೆ ಕೈ ಹಾಕಿದೆ. ಈ ಸಲ ಕೇಳಲಿಲ್ಲ, ನಾನೇ ಬಿಚ್ಚಿದೆ. ಎಡಗಾಲಿನ ಹೆಬ್ಬೆರಳ ಪಕ್ಕದ ಬೆರಳು ಊದಿ, ತುದಿ ನೀಲಿಗಟ್ಟಿ ಕಪ್ಪಾಗಿತ್ತು. ಬೆಳ್ಳಿಯ ಕಾಲುಂಗುರ ಮಾಂಸದೊಳಗೆ ಹೂತುಹೋಗಿತ್ತು. ಅದರ ಪಕ್ಕದ ಬೆರಳೂ ಬಣ್ಣ ತಿರುಗುತ್ತಿತ್ತು. ಪಾದದ ಮೇಲೆ ಕೆಂಪು ಹರಡಿತ್ತು. ನಾನು ಅವಳ ಮುಖ ನೋಡಿದೆ. ಕೆನ್ನೆ ಕೆಂಪಾಗಿತ್ತು, ತುಟಿ ನಡುಗುತ್ತಿತ್ತು, ಹಣೆ ಮುಟ್ಟಿದರೆ ಸುಡುತ್ತಿತ್ತು.

"ಏನಣ್ಣಾ," ಅಂದಳು ನನ್ನನ್ನು ನೋಡಿ. "ಒಲದಿಂದ ಈಗ್ ಬಂದ್ಯಾ?"

ಅವಳು ತೀರಿಹೋದ ಅಣ್ಣನನ್ನು ಮಾತಾಡಿಸುತ್ತಿದ್ದಳು.

ಓಮಲೂರಿಗೆ ಕೊಟ್ಟಿರುವ ಮಗಳು ಕವಿತಾಗೆ ಫೋನ್ ಮಾಡಿದೆ. ಅವಳಿಗೆ ಮನೆಮಾತಿಗಿಂತ ತಮಿಳೇ ಸಲೀಸು. "ಅಪ್ಪಾ, ಉಡನೇ ಕಿಳಂಬುಂಗ, ಈಗ್ಲೇ ಹೊರಡಿ. ನನ್ನ ಕಾಯ್ಬೇಡಿ, ನಾನು ನೇರವಾಗಿ ಆಸ್ಪತ್ರೆಗೇ ಬರ್ತೀನಿ." ಆಟೋದಲ್ಲಿ ಗೌರಕ್ಕನೂ ನಾನೂ ನಡುವೆ ಸರೋಜಳನ್ನು ಕೂರಿಸಿಕೊಂಡೆವು. ಪ್ರತಿ ಸ್ಪೀಡ್ ಬ್ರೇಕರಿನಲ್ಲೂ ನಾನು ಅವಳ ಕಾಲು ಹಿಡಿದುಕೊಳ್ಳುತ್ತಿದ್ದೆ. ಅವಳು ಬೇಡ ಅನ್ನಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಆಸ್ಪತ್ರೆಯಲ್ಲಿ ಶುಗರ್ ನೋಡಿದ ನರ್ಸ್ ಮೀಟರನ್ನು ಇನ್ನೊಮ್ಮೆ ಹಚ್ಚಿ ನೋಡಿದಳು. ಡ್ರಿಪ್ ಏರಿಸಿದರು, ಇನ್ಸುಲಿನ್ ಕೊಟ್ಟರು. ಜ್ವರ ಸ್ವಲ್ಪ ಇಳಿದು ಸರೋಜಳಿಗೆ ಬುದ್ಧಿ ತಿಳಿಯಾದ ಮೇಲೆ ಸರ್ಜನ್ ಬಂದರು. ಕನ್ನಡಕ ಹಾಕಿದ, ಮೆಲ್ಲಗೆ ಮಾತಾಡುವ ಹೆಂಗಸು. ಜೇಬಿನಿಂದ ಪೆನ್ನಿನಂಥದ್ದೊಂದು ತೆಗೆದರು. ಅದರ ತುದಿಯಲ್ಲಿ ಒಂದು ನೈಲಾನ್ ಎಳೆ.

"ಕಣ್ ಮುಚ್ಚಿಕೊಳ್ಳಿ ಅಮ್ಮಾ. ಕಾಲಿಗೆ ತಾಗಿದಾಗೆಲ್ಲ ಹೇಳಿ," ಎಂದು ತಮಿಳಿನಲ್ಲಿ ಹೇಳಿ, ಆ ಎಳೆಯ ತುದಿಯನ್ನು ಅವಳ ಬಲಗಾಲಿನ ಅಂಗಾಲಿಗೆ ಒತ್ತಿದರು. ಎಳೆ ಬಾಗಿತು. ಗೊತ್ತಾಗುತ್ತಾ ಎಂದು ಕೇಳಿದರು. "ತೆರಿಯುದಾ?"

ಸರೋಜ ಸುಮ್ಮನಿದ್ದಳು.

ಇನ್ನೊಂದು ಕಡೆ. ಸುಮ್ಮನಿದ್ದಳು. ಹಿಮ್ಮಡಿ. ಸುಮ್ಮನಿದ್ದಳು. ಪರೀಕ್ಷೆಯಲ್ಲಿ ಫೇಲಾಗುತ್ತಿದ್ದೇನೆಂದು ಅವಳಿಗೆ ಅನ್ನಿಸಿರಬೇಕು. ಡಾಕ್ಟರ್ ಕೈ ಹಿಂದಕ್ಕೆ ತೆಗೆದುಕೊಂಡು, ಏನೂ ಮುಟ್ಟದೆ, ಮತ್ತೆ ಕೇಳಿದರು. "ತೆರಿಯುದಾ?"

"ತೆರಿಯುದು," ಅಂದಳು ಸರೋಜ ಬೇಗನೆ. "ಈಗ ತಾಗ್ತು."

ಗೌರಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ರೇಷ್ಮೆಯಲ್ಲಿ ಒಂದೆಳೆ ಕಡಿದರೆ ಬೆರಳಲ್ಲೇ ಕಂಡುಹಿಡಿಯುವವಳು ನನ್ನ ಹೆಂಡತಿ. ಅವಳ ಕಾಲು ಯಾವ ಚಳಿಗಾಲದಲ್ಲಿ, ಯಾವ ದಿನ ಅವಳನ್ನು ಬಿಟ್ಟು ಹೋಯಿತೋ ಇಬ್ಬರಿಗೂ ಗೊತ್ತಾಗಿರಲಿಲ್ಲ. ಡಾಕ್ಟರ್ ಹೇಳಿದರು: ಶುಗರ್‌ನಿಂದ ನರ ಸತ್ತಿದೆ. ಅವಳಿಗೆ ತಣ್ಣಗಾಗುತ್ತಿದ್ದುದು ಚಳಿಯಿಂದಲ್ಲ, ನರದಿಂದ. ಅಂಥವರು ಚಳಿ ಎಂದು ಬಿಸಿನೀರಲ್ಲಿ ಕಾಲಿಡುತ್ತಾರೆ, ಒಲೆಗೆ ಕಾಲು ಒಡ್ಡುತ್ತಾರೆ, ಬಿಸಿನೀರ ಬ್ಯಾಗ್ ಇಟ್ಟುಕೊಂಡು ಮಲಗುತ್ತಾರೆ. ಈ ತಿಂಗಳುಗಳಲ್ಲಿ ನಮಗೆ ಇಂಥದ್ದೇ ಕೇಸುಗಳು, ಅಂದರು.

ಆಮೇಲೆ ಬಾಲ್‌ಪೆನ್ ತೆಗೆದು ಪಾದದ ಮೇಲೆ ಹರಡಿದ್ದ ಕೆಂಪಿನ ಅಂಚಿನಲ್ಲೇ ಒಂದು ಗೆರೆ ಎಳೆದರು. "ನಾಳೆ ಬೆಳಗ್ಗೆ ಕೆಂಪು ಈ ಗೆರೆ ದಾಟಿದ್ದರೆ ಕಾಯುವುದಕ್ಕಾಗುವುದಿಲ್ಲ."

ಬೆಳಗ್ಗೆ ಹೊದಿಕೆ ಸರಿಸಿ ನೋಡಿದೆ.

ದಾಟಿತ್ತು.

ಎರಡು ಬೆರಳು ತೆಗೆಯಬೇಕು, ಇವತ್ತೇ, ಅಂದರು. ಕಾಲಿಗೆ ಜೆಲ್ ಹಚ್ಚಿ ಡಾಪ್ಲರ್ ಇಟ್ಟು ನೋಡಿದರು. ಆ ಸಣ್ಣ ಪೆಟ್ಟಿಗೆಯಿಂದ ಉಸ್ಸ್ ಉಸ್ಸ್ ಎಂದು ಸದ್ದು ಬಂತು. ರಕ್ತ ಓಡುವ ಸದ್ದು. "ಇದು ಒಳ್ಳೆಯದು. ರಕ್ತ ಇರುವುದರಿಂದ ಪಾದ ಉಳಿಸಬಹುದು. ಮಾತು ಕೊಡುವುದಿಲ್ಲ. ಆದರೆ ತಡ ಮಾಡಿದರೆ ಖಂಡಿತ ಉಳಿಯುವುದಿಲ್ಲ."

ಸರೋಜ ಗೋಡೆಯ ಕಡೆ ತಿರುಗಿದಳು. "ನನ್ ಮನೇಗ್ ಕರ್ಕೊಂಡೋಗಿ."

"ಸರೋಜಾ…"

"ಎರಡು ಬೆರಳು ಅಂತಾರೆ. ಅಣ್ಣಂಗೂ ಅಂಗೇ ಯೋಳಿದ್ರು. ಸತ್ರೆ ಎರಡ್ ಕಾಲ್ ಇಟ್ಕೊಂಡೇ ಸಾಯ್ತೀನಿ. ಕರ್ಕೊಂಡೋಗ್ರೀ."

ಕವಿತಾ ತಮಿಳಿನಲ್ಲಿ ಬೈದಳು, ಬೇಡಿದಳು, ಕೊನೆಗೆ ಹೊರಗೆ ಹೋಗಿ ಅತ್ತಳು. ನಾನು ಹೇಳಿದ್ದೊಂದೂ ಸರೋಜಳ ಕಿವಿಗೆ ಹೋಗಲಿಲ್ಲ. ಮೂಲೆಯಲ್ಲಿ ನಿಂತಿದ್ದ ಗೌರಕ್ಕ ಮಂಚದ ಹತ್ತಿರ ಬಂದಳು. ಆ ದಿನಗಳಲ್ಲೆಲ್ಲ ಅವಳು ತಂಗಿಯ ಮುಖಕ್ಕೆ ಮುಖ ಕೊಟ್ಟು ಮಾತಾಡಿರಲಿಲ್ಲ.

"ಲೇ ಸರೋಜಾ. ಇತ್ಲಾಗ್ ತಿರುಗು."

ಅವಳು ತಿರುಗಲಿಲ್ಲ.

"ಅಣ್ಣನ್ನ ಆಸ್ಪತ್ರೆ ಕೊಲ್ನಿಲ್ಲ ಕಣೇ. ನೀನ್ ಇಲ್ಲಿದ್ದೆ, ನಿಂಗ್ ಗೊತ್ತಿಲ್ಲ. ನಾನು ಕಣ್ಣಾರೆ ಕಂಡೋಳು. ಕಾಲಿಗೆ ಬಟ್ಟೆ ಸುತ್ಕೊಂಡು, ಯಾರ್ಗೂ ತೋರಿಸ್ದೆ, ಒಂದ್ ತಿಂಗ್ಳು ಒಲದಾಗೆ ನೀರ್ ಕಟ್ಟಿಕೊಂಡ್ ತಿರುಗ್ದ. ಕೇಳುದ್ರೆ ನೋಯಲ್ಲ ಅಂದ. ನೀನೂ ಅದೇ ಅಂದಿ. ಬಟ್ಟೆ ಬಿಚ್ದಾಗ ಒಳಗೆ ಉಳ ಇತ್ತು ಕಣೇ, ಉಳ. ಅವನ್ ಕಾಲು ಮನೇಲೇ ಓಗಿತ್ತು. ಡಾಕ್ಟ್ರು ಓಗಿದ್ದನ್ನ ಕತ್ತರಿಸುದ್ರು, ಅಷ್ಟೇ."

ಗೌರಕ್ಕ ಮಂಚದ ಅಂಚಿನಲ್ಲಿ ಕೂತಳು.

"ನೀರ್ ಸುರ್ದೋಳು ನಾನು," ಅಂದಳು ಗೌರಕ್ಕ. "ಇನ್ನೊಂದ್ ಸಾವು ನನ್ ತಲೇಮ್ಯಾಲ್ ಒರಿಸಿ ಓಗ್ಬೇಡ್ವೇ ತಾಯಿ."

ಆಗ ಸರೋಜ ತಿರುಗಿದಳು. ಅಕ್ಕನ ಕೈ ಹಿಡಿದುಕೊಂಡಳು. "ನೀ ಏನ್ ಮಾಡ್ದೆ ಅಕ್ಕಾ? ಸುರಿ ಸುರಿ ಅಂದೋಳು ನಾನಲ್ವಾ," ಅಂದಳು. ಆಮೇಲೆ ನನ್ನ ಕಡೆ ನೋಡಿ, "ಡಾಕ್ಟ್ರಮ್ಮನ್ ಕರೀರಿ," ಅಂದಳು.

ಆಪರೇಷನ್‌ಗೆ ಮೊದಲು ಕಾಲುಂಗುರ ತೆಗೆಯಬೇಕಿತ್ತು. ಎಳೆದರೆ ಬರಲಿಲ್ಲ. ಸಣ್ಣ ಕಟರ್ ತಂದು ಕತ್ತರಿಸಿದರು. ಅಷ್ಟು ದಿನ ನೋವೆಂದು ಒಮ್ಮೆಯೂ ಕೂಗದವಳು, ಬೆಳ್ಳಿ ತುಂಡಾದ ಆ ಸಣ್ಣ ಸದ್ದಿಗೆ ಕೂಗಿಕೊಂಡಳು. ಗಂಡ ಬದುಕಿರುವಾಗ ಕಾಲುಂಗುರ ಕಡಿಯುವುದೇ? ಪಕ್ಕದ ಹಾಸಿಗೆಯವರೆಲ್ಲ ತಿರುಗಿ ನೋಡಿದರು. ನಾನು ಅವಳ ಕಿವಿಯ ಹತ್ತಿರ ಬಗ್ಗಿ, "ನಾನ್ ಇಲ್ಲೇ ನಿಂತಿವ್ನಿ, ನೋಡು. ಕಲ್ಲ್‌ಗುಂಡಂಗಿವ್ನಿ," ಅಂದೆ. ಅಳುತ್ತಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಿಜವೋ ಸುಳ್ಳೋ ಪರೀಕ್ಷೆ ಮಾಡುವ ಹಾಗೆ.

ಥಿಯೇಟರ್ ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ಕೂತು ನಾನು ಏನೂ ಯೋಚಿಸಲಿಲ್ಲ. ಎದುರಿಗೆ ಕೂತವರ ಕಾಲು ನೋಡುತ್ತಿದ್ದೆ. ಒಡೆದ ಹಿಮ್ಮಡಿ, ಮಣ್ಣು ಮೆತ್ತಿದ ಬೆರಳು, ಸವೆದ ರಬ್ಬರ್ ಚಪ್ಪಲಿ. ಇಷ್ಟು ವರ್ಷ ಬದುಕಿ, ಮನುಷ್ಯರ ಕಾಲುಗಳನ್ನು ನಾನು ನೋಡಿಯೇ ಇರಲಿಲ್ಲ.

ಡಾಕ್ಟರ್ ಹೊರಗೆ ಬಂದು, "ಕತ್ತರಿಸಿದ ಕಡೆ ಒಳ್ಳೆ ಕೆಂಪು ರಕ್ತ ಬಂತು. ನಲ್ಲದು, ಒಳ್ಳೇದು," ಅಂದರು. ರಕ್ತ ಬಂತೆಂದು ಕೈ ಮುಗಿದದ್ದು ಜೀವನದಲ್ಲಿ ಅದೇ ಮೊದಲು.

ಆದರೆ ಮುಗಿದಿರಲಿಲ್ಲ. ಗಾಯವನ್ನು ಹೊಲಿಯದೆ ತೆರೆದೇ ಬಿಟ್ಟಿದ್ದರು. ದಿನಾ ಡ್ರೆಸಿಂಗ್. ಪಾದದ ಮೇಲೆ ಮತ್ತೆ ಹೊಸ ಗೆರೆ. ದಾಟಿದರೆ ಅರ್ಧ ಪಾದ. ಬೆಳಗ್ಗೆ ವಾರ್ಡಿನಲ್ಲಿ ಬೆಳಕಾದ ಕೂಡಲೇ ನಾನು ಹೊದಿಕೆ ಸರಿಸುತ್ತಿದ್ದೆ. ಸರೋಜ ಕಣ್ಣು ಮುಚ್ಚಿಕೊಂಡು ನನ್ನ ಉಸಿರಿನ ಸದ್ದು ಕೇಳುತ್ತಿದ್ದಳು. ನಾನು ಉಸಿರು ಬಿಟ್ಟರೆ ಗೆರೆ ದಾಟಿಲ್ಲವೆಂದು ಅರ್ಥ. ಒಂದು ಬೆಳಗ್ಗೆ ಗಾಯದ ಅಂಚಿನಲ್ಲಿ ಕಪ್ಪು ಕಂಡು ನನ್ನ ಉಸಿರು ಅಲ್ಲೇ ನಿಂತಿತು. ಅವಳು ಕಣ್ಣು ತೆರೆಯಲಿಲ್ಲ. ಕೈಯಿಂದ ಮಂಚದ ಕಂಬಿ ಹಿಡಿದುಕೊಂಡಳು. ಡಾಕ್ಟರ್ ಬಂದು ಅದನ್ನು ಚಿಮುಟದಿಂದ ಎತ್ತಿದರು. ಒಣಗಿದ ಸತ್ತ ಚರ್ಮ. ಕೆಳಗೆ ಗುಲಾಬಿ ಬಣ್ಣದ ಹೊಸ ಮಾಂಸ.

ಪೊಂಗಲ್ ಆಸ್ಪತ್ರೆಯಲ್ಲೇ ಕಳೆಯಿತು. ಕವಿತಾ ಡಬ್ಬಿಯಲ್ಲಿ ತಂದ ಸಿಹಿ ಪೊಂಗಲನ್ನು ಸರೋಜ ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿ ಅಕ್ಕನಿಗೆ ಕೊಟ್ಟಳು.

ಮನೆಗೆ ಕಳಿಸುವ ಮುಂಚೆ ನರ್ಸ್ ನನ್ನನ್ನು ಕರೆದು ಡ್ರೆಸಿಂಗ್ ಕಲಿಸಿದಳು. ನನಗೆ, ಅವಳಿಗಲ್ಲ. ಅಂಗಾಲು ಅವಳಿಗೆ ಕಾಣುವುದಿಲ್ಲ, ನೋವೂ ತಿಳಿಯುವುದಿಲ್ಲ. ಬೇರೆ ಯಾರಾದರೂ ದಿನಾ ನೋಡಲೇಬೇಕು. ಮನೆಯಲ್ಲಿ ಮೊದಲ ದಿನ ನಾನು ಕೆಳಗೆ ಕೂತು ಅವಳ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಾಗ ಅವಳು ಕಾಲು ಎಳೆದುಕೊಂಡಳು.

"ಬ್ಯಾಡ್ರೀ. ನಿಮ್ ಕೈಯಾಗೆ ಕಾಲ್ ಮುಟ್ಟಿಸ್ಕೊಂಡ್ರೆ ಯಾವ್ ನರಕಕ್ಕೆ ಓಗ್ಲಿ? ಕವಿತಾ ಬರ್ಲಿ."

"ದಿನಾ ಓಮಲೂರಿಂದ ಬರ್ತಾಳಾ? ಮದ್ವೇಲಿ ನಿನ್ ಕಾಲ್ ಇಡ್ದು ಅಮ್ಮಿಕಲ್ ಮೇಲಿಟ್ಟು ಕಾಲುಂಗ್ರ ತೊಡ್ಸಿದೋರು ಯಾರು? ಅವಾಗ ನರಕ ಇರ್ನಿಲ್ವಾ?"

"ಅದು ಅಯ್ಯನೋರು ಯೋಳಿದ್ರು."

"ಇದು ಡಾಕ್ಟ್ರಮ್ಮ ಯೋಳವ್ರೆ."

ಮುಖ ಬೇರೆ ಕಡೆ ತಿರುಗಿಸಿಕೊಂಡು ಕಾಲು ಕೊಟ್ಟಳು. ಎಷ್ಟೋ ದಿನ ಹಾಗೆಯೇ, ಮುಖ ತಿರುಗಿಸಿಕೊಂಡೇ. ನಾನು ಕಲಿಯುತ್ತಾ ಹೋದೆ. ಉಗುರುಬೆಚ್ಚಗಿನ ನೀರು, ಅದೂ ನಾನು ಮೊಣಕೈ ಅದ್ದಿ ನೋಡಿದ ಮೇಲೆ. ಬೆರಳ ಸಂದಿಯಲ್ಲಿ ತೇವ ಉಳಿಯಬಾರದು, ಆದ್ದರಿಂದ ಹಳೆ ಪಂಚೆಯ ಮೆತ್ತನೆ ತುಂಡು. ಹಿಮ್ಮಡಿಗೆ ಎಣ್ಣೆ ಬೇಕು, ಸಂದಿಗೆ ಬೇಡ. ಎಡಗಾಲಲ್ಲಿ ಬೆರಳು ಹೋದ ಜಾಗ ಮೊದಮೊದಲು ನೋಡಲು ಆಗುತ್ತಿರಲಿಲ್ಲ. ಈಗ ಅವಳ ಮುಖದಷ್ಟೇ ಪರಿಚಯ.

ಮಗ್ಗಕ್ಕೆ ಅವಳು ಮತ್ತೆ ಇಳಿಯಲಿಲ್ಲ. ಇದನ್ನು ಬರೆಯುವುದು ಸುಲಭ, ನೋಡುವುದು ಸುಲಭವಾಗಿರಲಿಲ್ಲ. ಗುಂಡಿಯ ಮೇಲೆ ಹಲಗೆ ಮುಚ್ಚಿದ ದಿನ ಊಟ ಮಾಡದೆ ಮಲಗಿದಳು. ಈಗ ಕುರ್ಚಿಯಲ್ಲಿ ಕೂತು ನನಗೆ ನೂಲು ಸುತ್ತಿಕೊಡುತ್ತಾಳೆ, ನನ್ನ ನೇಯ್ಗೆಯಲ್ಲಿ ತಪ್ಪು ಹುಡುಕುತ್ತಾಳೆ, ದಿನಕ್ಕೆ ಒಂದಾದರೂ ಸಿಗುತ್ತದೆ. ಮನೆಯೊಳಗೂ ಚಪ್ಪಲಿ ಬಿಡುವಂತಿಲ್ಲ. ಈ ಮಾರ್ಗಳಿಯ ಮೊದಲ ದಿನ ಚಪ್ಪಲಿ ಹಾಕಿಕೊಂಡು ರಂಗೋಲಿ ಹಾಕಿದ್ದನ್ನು ನೋಡಿ ಎದುರು ಮನೆಯ ಮುದುಕಿ, "ಲಕ್ಷ್ಮಿ ಬರೋ ಬಾಗಿಲಲ್ಲಿ ಚಪ್ಪಲಿಯಾ?" ಅಂದಳು. ಸರೋಜ ತಲೆ ಎತ್ತದೆ ಚುಕ್ಕಿ ಸೇರಿಸುತ್ತಲೇ, "ಲಕ್ಷ್ಮಿಗೆ ಹತ್ ಬೆರಳೂ ಐತೆ ಅಜ್ಜಿ, ಅವಳು ಬರಿಗಾಲಲ್ ಬರ್ಲಿ," ಅಂದಳು.

ಈ ತಿಂಗಳು ಚಳಿ ಜೋರಾಗಿದೆ. ಹೋದ ವಾರ ಬೆಳಗ್ಗೆ ಅವಳ ಬಲಗಾಲು ಒರೆಸುವಾಗ ಕಿರುಬೆರಳ ಸಂದಿಯಲ್ಲಿ ಕಡಲೆಕಾಳಿನಷ್ಟು ಕೆಂಪು ಕಂಡಿತು. ಚರ್ಮ ಬಿರಿದಿತ್ತು. ನನ್ನ ಕೈ ನಿಂತಿತು.

ಅವಳಿಗೆ ಗೊತ್ತಾಯಿತು. "ಏನು?"

"ಏನಿಲ್ಲ."

"ಸುಳ್ ಯೋಳ್ಬೇಡಿ. ನಿಮ್ ಉಸಿರ್ ನಿಂತೋಯ್ತು."

ಹೇಳಿದೆ. ನಾನೇನೋ ಅಳು, ಹಟ ಎಲ್ಲದಕ್ಕೂ ಸಿದ್ಧನಾಗಿದ್ದೆ. ಅವಳು ಎದ್ದು ಸೀರೆ ಬದಲಾಯಿಸಿದಳು, ಆಸ್ಪತ್ರೆಯ ಚೀಲ ತೆಗೆದುಕೊಂಡಳು, ನಾನಿನ್ನೂ ಅಂಗಿ ಹುಡುಕುತ್ತಿರುವಾಗ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ಬಿಳುಚಿಕೊಂಡಿತ್ತು. ಓಪಿಯ ಸಾಲಿನಲ್ಲಿ ಅವಳ ಕೈ ನನ್ನ ಕೈಯಲ್ಲಿ ಬೆವರುತ್ತಿತ್ತು.

ಡಾಕ್ಟರ್ ಬೆರಳು ಬಿಡಿಸಿ ನೋಡಿದರು. ಟಾರ್ಚ್ ಹಾಕಿ ನೋಡಿದರು. ಒತ್ತಿ ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಮೇಲಿನ ಚರ್ಮ ಮಾತ್ರ. ಒಳಗೆ ಹೋಗಿಲ್ಲ," ಅಂದರು. "ಸರಿಯಾದ ಹೊತ್ತಿಗೆ ಬಂದಿದ್ದೀರಿ. ಯಾರು ನೋಡಿದ್ದು?"

ಸರೋಜ ನನ್ನ ಕಡೆ ಗದ್ದ ತೋರಿಸಿದಳು.

ಪುಡಿ ಕೊಟ್ಟರು. ಎರಡು ದಿನ ಬಿಟ್ಟು ತೋರಿಸಿ ಅಂದರು. ಮೊನ್ನೆ ತೋರಿಸಿದೆವು, ಒಣಗಿದೆ. ಚಳಿ ಇನ್ನೂ ಉಳಿದಿದೆ. ಮಾರ್ಗಳಿ ಮುಗಿದು ತೈ ತಿಂಗಳೂ ಕಳೆಯುವವರೆಗೆ ನನಗೆ ಧೈರ್ಯವಿಲ್ಲ. ಕಳೆದ ಮೇಲೂ ಪೂರ್ತಿ ಬರುವುದಿಲ್ಲ. ಹೀಗೆಯೇ ಇರಬೇಕಾದ ಬದುಕು ಇದು ಎಂದು ಇಬ್ಬರಿಗೂ ಗೊತ್ತಾಗಿದೆ.

ಮೊನ್ನೆ ಆಸ್ಪತ್ರೆಯಿಂದ ಬಸ್ ಸ್ಟಾಪಿಗೆ ನಡೆದು ಬರುವಾಗ ಅವಳು ಮುಂದೆ, ನಾನು ಹಿಂದೆ. ರಸ್ತೆಯಲ್ಲಿ ಜಲ್ಲಿ ಸುರಿದಿದ್ದರು. ಅವಳ ಹಿಮ್ಮಡಿ ಎಲ್ಲಿ ಬೀಳುತ್ತದೆ, ಚಪ್ಪಲಿ ಎಲ್ಲಿ ಜಾರುತ್ತದೆ ಎಂದು ಅದನ್ನೇ ನೋಡುತ್ತಾ ಬರುತ್ತಿದ್ದೆ. ಒಂದು ಸೈಕಲ್ ನನಗೆ ತಾಗುವಷ್ಟು ಹತ್ತಿರ ಬಂದು ಬೈದುಕೊಂಡು ಹೋಯಿತು.

ಸರೋಜ ನಿಂತಳು. ತಿರುಗಿದಳು.

"ಮುಂದ್ ನೋಡ್ಕೊಂಡ್ ನಡೀರೀ," ಅಂದಳು. "ಎಡವಿ ಬಿದ್ರೆ ನಿಮ್ ಕಾಲ್ ನೋಡೋರ್ಯಾರು?"

ಹೇಳಿದವಳು ಹಾಗೆಯೇ ನಿಂತು, ನಾನು ಪಕ್ಕಕ್ಕೆ ಬರುವವರೆಗೆ ಕಾದಳು.